ಪಿರಮಿಡ್ಡಿನವರೆಗೆ ನಡೆಸಿದವಳು

ಸಭೆಯ ಅಧ್ಯಕ್ಷರೇ, ಆಸ್ಪತ್ರೆಯ ವೈದ್ಯಮಿತ್ರರೇ, ನನ್ನ ಮಗಳ ಜೊತೆ ದುಡಿದವರೇ, ಅವಳ ಕೈಕೆಳಗೆ ಮತ್ತೆ ನಡೆಯಲು ಕಲಿತು ಇಂದು ಮುಂದಿನ ಸಾಲಿನಲ್ಲಿ ಕುಳಿತಿರುವ ಹಿರಿಯರೇ — ನಮಸ್ಕಾರ. ನನ್ನ ಪತ್ನಿಯೂ ಅಳಿಯನೂ ಇಲ್ಲಿದ್ದಾರೆ. ಅವರ ಪರವಾಗಿಯೂ ನಾಲ್ಕು ಮಾತಾಡಬೇಕೆಂದು ನನ್ನನ್ನು ಕೇಳಲಾಗಿದೆ. ಆದರೆ ಈಗ ಹೇಳಲಿರುವುದು ನನ್ನೊಬ್ಬನದು. ಅದರ ಹೊಣೆ ಅವರಿಗೆ ಬೇಡ.

ಕಾಲೇಜಿನಲ್ಲಿ ನಾನು ಚರ್ಚಾಪಟು. ಪರ ಎಂದರೆ ಪರ, ವಿರೋಧ ಎಂದರೆ ವಿರೋಧ. ಆದರೆ ನನ್ನ ವಿರುದ್ಧವೇ ಮಾತಾಡಿ ಅಭ್ಯಾಸವಿಲ್ಲ, ತಡವರಿಸಿದರೆ ಕ್ಷಮಿಸಬೇಕು.

ನನ್ನ ಹಿಂದೆ ನೋಡಿ — ಖಾಲಿ ಚೌಕಟ್ಟುಗಳು. "ಚಿತ್ರಗಳೆಲ್ಲಿ?" ಎಂದು ಬಾಗಿಲಲ್ಲೇ ಹಲವರು ಕೇಳಿದಿರಿ. ಹೇಳುತ್ತೇನೆ.

ನನ್ನ ಮಗಳು ಈ ಆಸ್ಪತ್ರೆಯ ಫಿಸಿಯೋಥೆರಪಿಸ್ಟ್. ಸೊಂಟ ಮುರಿದವರು, ಪಾರ್ಶ್ವವಾಯು ಬಡಿದವರು — ಅವರನ್ನು ಮತ್ತೆ ಕಾಲ ಮೇಲೆ ನಿಲ್ಲಿಸುವುದು ಅವಳ ಕೆಲಸ. ಚಿಕ್ಕಂದಿನಿಂದ ಅವಳಿಗೊಂದು ಹವ್ಯಾಸ — ದೇಶದೇಶಗಳ ಪ್ರಸಿದ್ಧ ಸ್ಥಳಗಳ ಪೋಸ್ಟ್‌ಕಾರ್ಡ್ ಕೂಡಿಡುವುದು. ಮುಖವನ್ನೇ ನೋಡದ ಗೆಳೆಯರು ಎಲ್ಲೆಲ್ಲಿಂದಲೋ ಕಳಿಸುತ್ತಿದ್ದರು. ಇವಳೂ ಅವರಿಗೆ ಕಳಿಸುತ್ತಿದ್ದಳು. ಐಫೆಲ್ ಗೋಪುರ, ಪಿರಮಿಡ್ಡು, ಚೀನಾದ ಮಹಾಗೋಡೆ. ನಾವಾಗಿದ್ದರೆ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುತ್ತಿದ್ದೆವು. ಅವಳು ತನ್ನ ವಿಭಾಗದ ಕಾರಿಡಾರಿನಲ್ಲಿ, ರೋಗಿಗಳು ಹಿಡಿದು ನಡೆಯುವ ಕಂಬಿಯ ಮೇಲ್ಗಡೆ, ಉದ್ದಕ್ಕೂ ಅಂಟಿಸಿದಳು. ನಡೆದು ಬಂದವರು ಕಾರ್ಡನ್ನು ಹೆಬ್ಬೆರಳಿನಿಂದ ಒತ್ತಬೇಕು. ಒತ್ತಿದರೆ ಆ ದೇಶ ತಲುಪಿದ ಹಾಗೆ.

ಊಟಕ್ಕೆ ಕುಳಿತಾಗ ಒಮ್ಮೆ ಕೆಣಕಿದೆ. "ಪ್ಯಾರಿಸ್ಸಿನ ಪಕ್ಕ ಪಿರಮಿಡ್ಡು, ಪಿರಮಿಡ್ಡಿನ ಪಕ್ಕ ಚೀನಾ! ನಿನಗೆ ಭೂಗೋಳ ಕಲಿಸಿದ ಮಹಾನುಭಾವರು ಯಾರಮ್ಮ?"

"ಅಪ್ಪಾ, ಹತ್ತು ಹೆಜ್ಜೆ ಹಾಕಿ ಅಂದ್ರೆ ಅಯ್ಯೋ ಆಗಲ್ಲ ಅಂತಾರೆ. ಪಿರಮಿಡ್ ತನಕ ಹೋಗ್ಬರೋಣ ಅಂದ್ರೆ ಎದ್ದು ಬರ್ತಾರೆ. ತಿರುವಿನಲ್ಲಿ ನಡೆಯೋದು ಕಷ್ಟ, ಅಲ್ಲಿ ಚೀನಾ ಗೋಡೆ. ಸುಸ್ತಾಗೋ ಕಡೆ ಪೀಸಾ ಗೋಪುರ — ಅದೂ ವಾಲಿದೆ, ನೀವೂ ಸ್ವಲ್ಪ ಒರಗ್ಕೊಳ್ಳಿ ಅಂತೀನಿ."

ನಕ್ಕೆ. ನಕ್ಕು ಮರೆತುಬಿಟ್ಟೆ.

ಜ್ವರವೆಂದು ರಜೆ ಹಾಕಿದವಳು ಮತ್ತೆ ಕೆಲಸಕ್ಕೆ ಬರಲಿಲ್ಲ. ಈ ಶ್ರದ್ಧಾಂಜಲಿ ಸಭೆ ನಿಶ್ಚಯವಾದಾಗ, ಅವಳ ಸಂಗ್ರಹವನ್ನು ಇಲ್ಲಿ ಅಂದವಾಗಿ ಪ್ರದರ್ಶಿಸಬೇಕೆಂದು ನಾನು ಹಟ ಹಿಡಿದೆ. "ಅವಳು ಇಟ್ಟ ಜಾಗದಲ್ಲೇ ಇರ್ಲಿ ಬಿಡಿ" ಎಂದಳು ಹೆಂಡತಿ. ಕಿವಿಗೆ ಹಾಕಿಕೊಳ್ಳಲಿಲ್ಲ. ಹೋದೆ. "ಇವು ನನ್ನ ಮಗಳವು" ಎಂದೆ. ಅವಳನ್ನು ಅಕ್ಕಾ ಎನ್ನುತ್ತಿದ್ದ ಕಿರಿಯ ಸಹೋದ್ಯೋಗಿ ಏನೋ ಹೇಳಲು ಬಾಯಿ ತೆರೆದಳು — ನನ್ನ ಮುಖ ನೋಡಿದಳು — ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ಮಗಳನ್ನು ಕಳೆದುಕೊಂಡವನಿಗೆ ಬೇಡ ಎನ್ನಲು ಯಾರಿಗೆ ಬಾಯಿ ಬಂದೀತು? ಎದುರಾಳಿಯೇ ಇಲ್ಲದ ಚರ್ಚೆಯಲ್ಲಿ ಗೆದ್ದೆ. ಎಲ್ಲವನ್ನೂ ಕಿತ್ತು ತಂದೆ. ಚೌಕಟ್ಟುಗಳಿಗೆಂದು ಖಂಡವಾರು ವಿಂಗಡಿಸಿದೆ, ಶಿಸ್ತಾಗಿ. ಕಾರ್ಡುಗಳ ಮೇಲೆಲ್ಲ ಕಪ್ಪು ಕಲೆ. ಒದ್ದೆ ಬಟ್ಟೆ ತೆಗೆದುಕೊಂಡು — ಹೀಗೆ — ತಿಕ್ಕಿ ತಿಕ್ಕಿ ಒರೆಸಿದೆ.

ನಿನ್ನೆ ವಿಭಾಗದವರನ್ನು ಸಭೆಗೆ ಕರೆಯಲು ಹೋಗಿದ್ದೆ. ಕಾರಿಡಾರಿನ ನಡುವೆ ಒಬ್ಬ ಹಿರಿಯರು ಕಂಬಿ ಹಿಡಿದು ನಿಂತಿದ್ದರು. ಜೀವಮಾನವೆಲ್ಲ ಬಸ್ಸು ಓಡಿಸಿದವರು, ಇಲ್ಲೇ ಇದ್ದಾರೆ.

"ಯಾರ್ರೀ ನನ್ನ ಪಿರಮಿಡ್ ಹೊತ್ಕೊಂಡು ಹೋದೋರು? ಸಾವಿರಾರು ವರ್ಷದಿಂದ ಅಲ್ಲಾಡಿಲ್ಲ ಅಂತ ನಮ್ಮ ಮೇಡಂ ಹೇಳ್ತಿದ್ರಲ್ಲ!"

"ನಾನೇ" ಎಂದೆ. "ಅವಳ ತಂದೆ."

ಅವರ ಮುಖದ ನಗು ಇಳಿದುಹೋಯಿತು. "ಓ... ಮೇಡಂ ಅಪ್ಪನಾ? ಹಾಗಾದ್ರೆ ಇರ್ಲಿ ಬಿಡಿ ಸಾರ್, ನಿಮ್ಮದೇ ಅಲ್ವಾ. ನಾನು ಅಂದಾಜಿನ ಮೇಲೆ ಹೋಗ್ತೀನಿ."

ಅಂದಾಜಿನ ಮೇಲೆ! ಒಂದು ಹೆಜ್ಜೆ ಇಟ್ಟರು. ಬೋಳು ಗೋಡೆಯತ್ತ ನೋಡಿದರು. "ಇವತ್ತಿಗೆ ಸಾಕು" ಎಂದು ಗಾಲಿಕುರ್ಚಿಗೆ ಕೈಸನ್ನೆ ಮಾಡಿದರು.

ಆಗ ಹೊಳೆಯಿತು, ನಾನು ಒರೆಸಿದ್ದು ಏನನ್ನು ಎಂದು. ಎಷ್ಟೋ ಜನ ಬೆವರಿಳಿಸಿಕೊಂಡು, ಹಲ್ಲು ಕಚ್ಚಿ, ಅಲ್ಲಿಯವರೆಗೆ ಬಂದು ಒತ್ತಿದ ಹೆಬ್ಬೆರಳಿನ ಗುರುತುಗಳವು. ನನ್ನ ಮಗಳ ಗಳಿಕೆ ಅದು. ಅದನ್ನು ಅವಳ ಅಪ್ಪನೇ ಅಳಿಸಿಹಾಕಿದ — ಅವಳಿಗೆ ಗೌರವ ಸಲ್ಲಿಸುವ ಹೆಸರಿನಲ್ಲಿ. ದುಃಖಕ್ಕೆ ನೀವೆಲ್ಲ ಹೆಗಲು ಕೊಟ್ಟಿದ್ದೀರಿ, ಋಣಿ. ಆದರೆ ಈ ನಾಚಿಕೆಗೆ ಸಮಾಧಾನ ಹೇಳಬೇಡಿ. "ಇರ್ಲಿ ಬಿಡಿ ಸಾರ್" ಎನ್ನಬೇಡಿ. ಒಮ್ಮೆ ಕೇಳಿಸಿಕೊಂಡಿದ್ದೇ ಸಾಕಾಗಿದೆ.

ಬೆಳಿಗ್ಗೆ ಚೌಕಟ್ಟುಗಳನ್ನು ಬಿಚ್ಚಿದೆ. ಕಾರ್ಡುಗಳು ಈ ಮೇಜಿನ ಮೇಲಿವೆ. ನಾನೇ ಹೋಗಿ ಅಂಟಿಸಬಹುದಿತ್ತು — ಆದರೆ ಯಾವುದು ಎಲ್ಲಿತ್ತು? ತಿರುವಿನಲ್ಲಿ ಗೋಡೆ, ಸುಸ್ತಾಗುವಲ್ಲಿ ಪೀಸಾ, ಅಷ್ಟು ಬಲ್ಲೆ. ಎಲ್ಲಿ ಸುಸ್ತಾಗುತ್ತದೆಂದು ನನ್ನ ಕಾಲಿಗೆ ಗೊತ್ತಿಲ್ಲ. ಆ ದಾರಿ ಸವೆಸಿದವರು ನೀವು. ದಯವಿಟ್ಟು ನಾಳೆ ವಿಭಾಗ ತೆರೆಯುವ ಹೊತ್ತಿಗೆ ಬನ್ನಿ. ನೀವು ಜಾಗ ತೋರಿಸಿ, ನಾನು ಅಂಟಿಸುತ್ತೇನೆ. ವಾದ ಮಾಡುವುದಿಲ್ಲ.

ಈಗ ನನ್ನ ಮಗಳಿಗಾಗಿ ಎಲ್ಲರೂ ಎದ್ದು ಮೌನವಾಗಿ ನಿಲ್ಲಬೇಕೆಂದು ಕೋರುತ್ತೇನೆ — ತಾಳಿ, ಹಿಂದಿನವರು ಆತುರಪಡಬೇಡಿ. ಮೊದಲು ಮುಂದಿನ ಸಾಲಿನವರು ಏಳಲಿ. ಕುರ್ಚಿಯ ತೋಳು ಹಿಡಿದು, ಗಟ್ಟಿ ಕಾಲಿನ ಮೇಲೆ ಭಾರ ಹಾಕಿ, ಅವಳು ಕಲಿಸಿದ ಹಾಗೆ. ಯಾರೂ ಕೈ ಹಿಡಿದು ಎತ್ತಬೇಡಿ, ಅವಳು ಬೈಯುತ್ತಿದ್ದಳು. ಅವರು ನಿಂತ ಮೇಲೆ ನಾವು ನಿಲ್ಲೋಣ.

ಡ್ರೈವರ್ ಯಜಮಾನರೇ, ಅವಸರವಿಲ್ಲ. ಕಾಯುತ್ತೇವೆ.