ಒದ್ದೆ ತೊಗಲಿನ ಗಂಟು

ಶೂರ ಅಂತೆ ಶೂರ! ಯಾರು ಹೇಳಿದ್ದು ನಿಂಗೆ? ನಮ್ಮ ದೊಡ್ಡಪ್ಪನ ಮಗ ಜಿರಳೆ ಕಂಡ್ರೆ ಮಂಚ ಹತ್ತಿ ನಿಲ್ಲೋನು. ಜಿರಳೆನೂ ಮಂಚ ಹತ್ತಿದ್ರೆ ಹೆಂಡ್ತಿನ ಕೂಗೋನು. ಅವನ ಹೆಸರಿಗೆ ಡಂಗುರ ಹೊಡೆಸಿ ಶೂರ ಮಾಡಿದ್ರು ನೋಡು, ಆಮೇಲೆ ಶುರುವಾಯ್ತು ಅವನ ಗ್ರಹಚಾರ. ಕೇಳೋದಾದ್ರೆ ಹತ್ರ ಬಾ, ಜೋರಾಗಿ ಹೇಳೋ ಕತೆ ಅಲ್ಲ ಇದು. ಚಿಲಕ ಹಾಕಿದೀಯಾ ತಾನೇ?

ಅಣ್ಣ ಕುದುರೆ ಜೀನು ಹೊಲಿಯೋನು. ಊರೆಲ್ಲಾ ಜೀನಣ್ಣ ಅಂತಲೇ ಕರೀತಿತ್ತು. ಆಗ ಗುಡ್ಡದ ಮೇಲೊಬ್ಬ ದೊರೆ, ಹೊಳೆ ಆಚೆಗೊಬ್ಬ ದೊರೆ. ಇಬ್ಬರೂ ಭಾವ, ಭಾವಮೈದುನ. ಸೇತುವೆ ಮೇಲೆ ಎದುರುಬದುರು ಬಂದಾಗ ಯಾರ ಕುದುರೆ ಹಿಂದೆ ಸರೀಬೇಕು ಅಂತ ಹತ್ತಿಕೊಂಡ ಜಗಳ ಹನ್ನೊಂದು ವರ್ಷ ನಡೀತು. ಆ ಎರಡೂ ಕುದುರೆ ವಯಸ್ಸಾಗಿ ಸತ್ತವು, ಜಗಳ ಮಾತ್ರ ಗಟ್ಟಿಮುಟ್ಟಾಗಿತ್ತು. ನಮ್ಮೂರು ಇಬ್ಬರ ನಡುವೆ. ಈ ವಾರ ಇವರು ಬಂದು ಸೂರಿಗೆ ಬೆಂಕಿ ಇಡೋರು, ಮುಂದಿನ ವಾರ ಅವರು ಬಂದು "ಯಾರು ಮಾಡಿದ್ದು ಇದನ್ನ?" ಅಂತ ಒದೆಯೋರು. ಜೀನಣ್ಣ ಇಬ್ಬರಿಗೂ ಹೊಲೀತಿದ್ದ. ಅಂಗಡಿಯಲ್ಲಿ ಎಡಗಡೆ ಗುಡ್ಡದವರ ಜೀನು, ಬಲಗಡೆ ಹೊಳೆಯವರದು, ನಡುವೆ ಅವನ ಊಟದ ತಟ್ಟೆ.

ಅವನ ಕಸುಬಲ್ಲಿ ಒಂದು ನೇಮ. ಕುದುರೆ ಹೊಟ್ಟೆ ಕೆಳಗೆ ಬಿಗಿಯೋ ಪಟ್ಟಿ ಇರುತ್ತಲ್ಲ, ಅದರ ತೊಗಲನ್ನ ನೆನೆಹಾಕಿ, ಮೆತ್ತಗಾದ ಮೇಲೆ ಸಂಜೆ ಹೊಲೀಬೇಕು. ಕೊನೇ ಗಂಟು ಮಾತ್ರ ಹಾಕಬಾರದು. ರಾತ್ರಿಯೆಲ್ಲಾ ಒಣಗಬೇಕು. ಬೆಳಿಗ್ಗೆ ದಾರ ಜಗ್ಗಿ ಗಂಟು. ಒದ್ದೆ ತೊಗಲಲ್ಲಿ ಮೇಣದ ದಾರ ನಿಲ್ಲಲ್ಲ... ಭಾರ ಬಿದ್ದ ತಕ್ಷಣ ಸರಕ್ ಅಂತ ಜಾರುತ್ತೆ.

ಒಂದಿನ ಇನ್ನೂ ಕತ್ತಲು. ಗುಡ್ಡದ ದೊರೆ ತಾನೇ ಬಂದು ಬಾಗಿಲ ಮುಂದೆ ಕುದುರೆ ನಿಲ್ಲಿಸಿದ. "ಜೀನು ಕೊಡ್ರೋ!" ಅಂದ. ಅಣ್ಣ ಬಯಲಿಗೆ ಹೋಗಿದ್ದ. ಅತ್ತಿಗೆ ಒಲೆ ಮುಂದಿಂದ ಎದ್ದು ಬಂದಳು, ಅರ್ಧ ನಿದ್ದೆಯಲ್ಲಿ ಎಡಗಡೆ ಸಾಲಿಂದ ಮೊದಲನೇದನ್ನ ಎತ್ತಿ ಬಾಗಿಲ ಸಂದಿಯಿಂದ ಕೊಟ್ಟಳು. ಗಂಟು ಹಾಕದೇ ಇದ್ದದ್ದೇ ಅದು.

ಅವತ್ತು ಮಧ್ಯಾಹ್ನ ದೊರೆ ಕತ್ತಿ ಹಿರಿದು ಹೊಳೆಯವರ ಮೇಲೆ ಕುದುರೆ ಓಡಿಸಿದ. ಊರಾಚೆ ಆಲದ ಮರದ ಹತ್ರ ಪಟ್ಟಿ ಬಿಚ್ಚಿಕೊಂಡಿತು. ಜೀನು ಸಮೇತ ಹಾರಿ ಅಲ್ಲಿದ್ದ ಬಾವಿಗೆ ಬಿದ್ದ. ಕುದುರೆ ಕಟ್ಟೆಗೆ ಬಡಿದು ಕತ್ತು ಮುರಿದು ಅಲ್ಲೇ ಸತ್ತಿತು. ದೊರೆ ಹೆಣ ಮೇಲೆತ್ತಿದ್ರು. ಜೀನು ಸಿಗಲಿಲ್ಲ.

ಪಟ್ಟಿ ಬಿಚ್ಚಿದ ಸುದ್ದಿ ಕೇಳಿ ಹೊಳೆ ದೊರೆ ಕುಣಿದಾಡಿಬಿಟ್ಟ. "ಒಂದು ದಬ್ಬಣದಲ್ಲಿ ಯುದ್ಧ ಗೆದ್ದ ಮಹಾಶೂರ ಯಾರು? ಕರೆಸಿ!" ಅಂತ ಆಳು ಕಳಿಸಿದ. ಅಣ್ಣ ಹೋದ. ದೀಪ ಹಚ್ಚಿದ ದೊಡ್ಡ ಸಭೆ. ಕೈ ಮುಗಿದು ನಿಜ ಹೇಳೋಕೆ ನೋಡಿದ.

"ಧಣಿ, ಅದು ಬೇಕಂತ ಮಾಡಿದ್ದಲ್ಲ..."

"ಆಹಾ, ವಿನಯ ನೋಡ್ರಿ!" ಅಂದ್ರು ಎಲ್ಲರೂ.

"ಇಲ್ಲ ಧಣಿ, ನಾನು ಮನೇಲೇ ಇರಲಿಲ್ಲ, ಬಯಲಿಗೆ..."

"ಬಯಲಲ್ಲೇ ಹೊಂಚು ಹಾಕಿದ್ದನಂತೆ!"

ನಾಡಿದ್ದು ಗುಡ್ಡದ ಮೇಲೆ ದಂಡು ಹೋಗುತ್ತೆ, ಎಲ್ಲರಿಗಿಂತ ಮುಂದೆ ನೀನೇ ಇರಬೇಕು ಅಂದುಬಿಟ್ಟ ದೊರೆ. ಹೆಗಲಿಗೊಂದು ಶಾಲು ಬಿತ್ತು. ಅಣ್ಣನಿಗೆ ಅದು ಹೆಣಕ್ಕೆ ಹೊದಿಸಿದ ಹಾಗಿತ್ತು.

ಅಲ್ಲಿಂದ ಹೊರಟಾಗ ಹೊತ್ತು ಮೀರಿತ್ತು. ಸೇತುವೆ ತನಕ ಕಾವಲಿನವ ಬಂದ. "ಆಚೆಗೆ ನೀವೇ ಹೋಗಿ ಶೂರರೇ, ನನಗೆ ಭಯ" ಅಂದು ತಿರುಗಿ ಓಡಿದ.

ಬಾವಿ ದಾಟದೆ ಊರಿಗೆ ದಾರಿ ಇಲ್ಲ. ಗಾಳಿ ಇಲ್ಲ. ಆಲದ ಒಂದು ಎಲೆನೂ ಅಲುಗ್ತಿಲ್ಲ. ಅಣ್ಣ ತಲೆ ತಗ್ಗಿಸಿ, ತನ್ನ ಹೆಬ್ಬೆರಳನ್ನೇ ನೋಡಿಕೊಂಡು ಬೇಗಬೇಗ ನಡೆದ.

ಕಿರ್ರ್... ಕಿರ್ರ್...

ಯಾರಾದ್ರೂ ಕಪ್ಪೆ ಅಂದುಕೊಳ್ಳಬಹುದಿತ್ತು. ಅಣ್ಣ ಅಂದುಕೊಳ್ಳಲಿಲ್ಲ. ಅದು ಜೀನಿನ ಸದ್ದು. ನೆಂದ ತೊಗಲನ್ನ ತೊಡೆ ಮೇಲಿಟ್ಟು ಹೊರಳಿಸಿದ್ರೆ ಬರೋ ಸದ್ದು. ಹಿಂದೆಯೇ ಇನ್ನೊಂದು. ತೊಟ್... ತೊಟ್... ಕಲ್ಲಿನ ಮೇಲೆ ನೀರು. ಆಮೇಲೆ ಕಾಲಿಡೋ ರಿಕಾಪು ಕಟ್ಟೆಗೆ ತಾಗಿ... ಟಿಣ್.

"ಜೀನಣ್ಣಾ..."

ಅಣ್ಣ ತಲೆ ಎತ್ತಿದ. ಬಾವಿಕಟ್ಟೆ ಮೇಲೆ ಗುಡ್ಡದ ದೊರೆ ಕೂತಿದ್ದ. ತೊಡೆ ಮೇಲೆ ಜೀನು. ಗಡ್ಡದಿಂದ ನೀರು ಇಳೀತಿತ್ತು. ಮರದ ಕೆಳಗೆ ಕುದುರೆ. ಕತ್ತು ಒಂದು ಕಡೆ ಜೋತಿತ್ತು...

"ಕೊನೇ ಗಂಟು ಹಾಕಿಲ್ಲ."

ಆ ಹೊತ್ತಲ್ಲಿ ಬುದ್ಧಿವಂತ ಆದ್ರೆ ಕಾಲು ಹಿಡಿಯೋನು. ಅಣ್ಣನ ಬಾಯಿಂದ ಬಂದದ್ದು ಅಂಗಡಿ ಮಾತು.

"ಒದ್ದೆ ಇದೆ ಧಣಿ. ಒಣಗಲಿ. ಬೆಳಿಗ್ಗೆ ಬನ್ನಿ."

"ಇದು ಒಣಗಲ್ಲ."

"ಒಬ್ಬನೇ ಹೋಗೋಕೆ ಆಗ್ತಿಲ್ಲ" ಅಂದ ದೊರೆ, ಪಿಸುದನಿಯಲ್ಲಿ. "ದಾರಿ ದೂರ. ಈ ಜೀನನ್ನ ನನ್ನ ಕೈಗೆ ಕೊಟ್ಟವರು ಮುಂದೆ ಕೂತು ಬರಬೇಕು. ಯಾರು ಕೊಟ್ಟದ್ದು?"

ಅಣ್ಣ ಎಂಥವನು ಅಂತ ಆಗಲೇ ಹೇಳಿದೆನಲ್ಲ. ನಿಜ ಹೇಳಿಬಿಟ್ಟಿದ್ರೆ ಅವನು ನೆಟ್ಟಗೆ ನಡ್ಕೊಂಡು ಮನೆಗೆ ಹೋಗಬಹುದಿತ್ತು. ಆದ್ರೆ ಮನೇಲಿ ಯಾರೂ ಇರ್ತಿರಲಿಲ್ಲ.

"ನಾನೇ ಧಣಿ. ನಾನೇ ಕೊಟ್ಟಿದ್ದು."

"ಕೊಟ್ಟ ಕೈಯಲ್ಲಿ ಬಳೆ ಸದ್ದಿತ್ತು. ನೀನು ಬಳೆ ತೊಡ್ತೀಯಾ?"

"ದಿನಾ ಇಲ್ಲ ಧಣಿ."

ದೊರೆ ನಗಲಿಲ್ಲ. ಸತ್ತವರಿಗೆ ನಗು ಬರಲ್ಲವೋ, ಗುಡ್ಡದವರೇ ಹಾಗೋ, ಗೊತ್ತಿಲ್ಲ. ಜೀನನ್ನ ಮುಂದಕ್ಕೆ ತಳ್ಳಿದ. "ಹಾಗಾದ್ರೆ ಗಂಟು ಹಾಕು. ಹೊರಡೋಣ."

ಅಣ್ಣ ಅಲ್ಲೇ ಮಂಡಿಯೂರಿದ. ದಬ್ಬಣ ಯಾವಾಗಲೂ ಅವನ ಸೊಂಟದಲ್ಲೇ ಇರೋದು. ಕತ್ತಲಲ್ಲಿ ಬೆರಳಿಂದಲೇ ತಡವಿ ದಾರದ ತುದಿ ಹಿಡಿದ. ತೊಗಲು ಮಂಜಿನ ಹಾಗೆ ತಣ್ಣಗಿತ್ತು. ಹಿಂಡಿದಷ್ಟೂ ನೀರು... ಹಿಂಡಿದಷ್ಟೂ ನೀರು... ದೊರೆ ಹತ್ರ ಬಗ್ಗಿ ನೋಡ್ತಿದ್ದ. ಕಿವಿ ಪಕ್ಕದಲ್ಲೇ ಮುಖ. ಉಸಿರಿಲ್ಲ. ಅಣ್ಣ ದಾರ ಎಳೆದ, ಸುತ್ತಿದ, ಗಂಟು ಹಾಕಿದ. ನೋಡೋಕೆ ಚೆಂದದ ಗಂಟು.

"ನಿಲ್ಲುತ್ತಾ?"

ಮೂವತ್ತು ವರ್ಷದ ಕಸುಬು ಕಣಪ್ಪ. ಊಟ ಆಯ್ತು, ಜ್ವರ ಬಂದಿದೆ, ನೆಂಟರ ಮನೇಲಿದ್ದೆ, ಎಲ್ಲಾ ಸುಳ್ಳೂ ಹೇಳಿದಾನೆ. ಹೊಲಿಗೆ ವಿಷಯದಲ್ಲಿ ಒಂದೇ ಒಂದು ದಿನ ಸುಳ್ಳು ಹೇಳಿದವನಲ್ಲ. ಗಂಟಲು ಒಣಗಿತ್ತು. ಊರಲ್ಲಿ ಒಣಗಿದ್ದು ಅದೊಂದೇ ಅನ್ನಿಸ್ತಂತೆ.

"ನಿಲ್ಲುತ್ತೆ ಧಣಿ."

ಕುದುರೆ ಕಟ್ಟೆ ಹತ್ರ ಬಂತು. ಗೊರಸಿನ ಸದ್ದೇ ಇಲ್ಲ. ಅಣ್ಣ ಜೀನು ಹಾಕಿದ, ಪಟ್ಟಿ ಬಿಗಿದ. ದೊರೆ ಒಂದು ಕಾಲು ರಿಕಾಪಿಗೆ ಇಟ್ಟು, ಎಡಗೈ ಚಾಚಿ ಅಣ್ಣನ ಮಣಿಕಟ್ಟು ಹಿಡಿದ. "ಹತ್ತು" ಅಂದು ಮೇಲಕ್ಕೆ ಎದ್ದ. ಭಾರವೆಲ್ಲಾ ಪಟ್ಟಿ ಮೇಲೆ ಬಿತ್ತು.

ಸರಕ್.

ಅಷ್ಟೇ. ಆಮೇಲೆ ಕೆಳಗೆ, ತುಂಬಾ ಕೆಳಗೆ... ಗುಳುಂ. ಸ್ವಲ್ಪ ಹೊತ್ತು ಬಿಟ್ಟು ನೀರು ಗೋಡೆಗೆ ಬಡಿಯೋ ಸದ್ದು, ಪಚ್... ಪಚ್... ಅದೂ ನಿಂತಿತು. ಮಣಿಕಟ್ಟು ಬಿಟ್ಟಿತ್ತು. ಕುದುರೆ ಇರಲಿಲ್ಲ. ಅಣ್ಣ ಒಂದು ಕಾಲಲ್ಲಿ ಚಪ್ಪಲಿ, ಇನ್ನೊಂದು ಬರಿಗಾಲು, ಶಾಲು ಎಲ್ಲೋ, ಒಂದೇ ಉಸಿರಿಗೆ ಮನೆ ಸೇರಿದ. ಅತ್ತಿಗೆ ಮಲಗಿದ್ದಳು. ಎಬ್ಬಿಸಲಿಲ್ಲ. ಅವಳ ಮೂಗಿನ ಹತ್ರ ಬೆರಳಿಟ್ಟು ನೋಡಿದನಂತೆ, ಉಸಿರು ಬೆಚ್ಚಗಿತ್ತು. ಗೋಡೆ ಕಡೆ ತಿರುಗಿ ಮಲಗಿದ.

ಬೆಳಿಗ್ಗೆ ಎದ್ದರೆ ಕಾಲು ಮಡಿಸೋಕೆ ಆಗ್ತಿಲ್ಲ. ತೊಡೆ ಎರಡೂ ಒಳಗಡೆಯಿಂದ ಸುಲಿದು ರಕ್ತ. ಮಂಡಿಯಿಂದ ಮೇಲಿನ ತನಕ. ಹಗಲು ರಾತ್ರಿ ಸವಾರಿ ಮಾಡಿದವರಿಗೆ ಆಗುತ್ತಲ್ಲ, ಹಾಗೆ. ಅವನು ಆ ಕುದುರೆ ಹತ್ತಲೇ ಇಲ್ಲ ಕಣಯ್ಯಾ! ಬಾವಿಯಿಂದ ಮನೆಗೆ ಓಡಿ ಬಂದಿದ್ದು ನೂರಿಪ್ಪತ್ತು ಹೆಜ್ಜೆ. ನೀನು ನಂಬು, ಬಿಡು. ಆ ತೊಡೆ ನಾನೇ ನೋಡಿದೀನಿ. ನೋಡಬೇಕು ಅಂತ ಆಸೆಯೇನೂ ಇರಲಿಲ್ಲ, ಔಷಧಿ ತರೋಕೆ ನನ್ನನ್ನೇ ಕಳಿಸಿದ್ರು.

ಹೊಳೆ ದೊರೆ ಕಡೆಯವನು ದಂಡಿಗೆ ಕರೆಯೋಕೆ ಬಂದ. ತೊಡೆ ನೋಡಿ ಬೆಪ್ಪಾಗಿ ನಿಂತ. "ಶೂರರು ರಾತ್ರೋರಾತ್ರಿ ಒಬ್ಬರೇ ಗುಡ್ಡಕ್ಕೆ ಹೋಗಿ ಬಂದಿದಾರೆ" ಅಂತ ಊರಿಗೆಲ್ಲಾ ಸಾರಿ, ಅವನನ್ನ ಬಿಟ್ಟು ಹೋದ. ದಂಡು ಹೋಯ್ತು, ಅರ್ಧ ಬಂತು. ಅಣ್ಣ ಎಂಟು ದಿನ ಕವುಚಿ ಮಲಗಿದ್ದ.

ಬಾವಿ ಹತ್ರ ಏನಾಯ್ತು ಅಂತ ಅವನು ಆಗ ಯಾರಿಗೂ ಬಾಯಿ ಬಿಟ್ಟಿರಲಿಲ್ಲ. ನನಗೆ ಹೇಳಿದ್ದು ಎಷ್ಟೋ ವರ್ಷ ಆದ ಮೇಲೆ. ಅತ್ತಿಗೆಗಂತೂ ಸಾಯೋ ತನಕ ಹೇಳಬಾರದು ಅಂತ ಇದ್ದ. ಅವಳೂ ಏನೂ ಕೇಳಲಿಲ್ಲ. ಒಂಬತ್ತನೇ ದಿನ ಸಂಜೆ, ಗಾಯಕ್ಕೆ ಬೆಣ್ಣೆ ಸವರ್ತಾ ಇದ್ದವಳು ತಲೆ ಎತ್ತದೇ ಮೆಲ್ಲಗೆ ಅಂದಳಂತೆ:

"ಕೊಟ್ಟವಳು ನಾನು ಅಂತ ಆ ದೊರೆಗೆ ಹೇಳಿಬಿಡೋದಲ್ವಾ? ನಿಮಗಿಂತ ಹಗೂರ ಇದ್ದೀನಿ. ಆ ಕುದುರೆಗಾದ್ರೂ ಕತ್ತು ನೋಯ್ತಿರಲಿಲ್ಲ."