ಖಾಲಿ ಕುರ್ಚಿಯ ಮೇಲಿನ ಕೈ

ಬಸವೇಶ್ವರನಗರದಲ್ಲಿ ಸಂಜೆಯೇ ಮಳೆ ಹಿಡಿದು ಕರೆಂಟ್ ಹೋಗಿತ್ತು. ಬಾಡಿಗೆಗಿದ್ದ ನಾವು ಮೂವರು ಹುಡುಗರು ಓನರ್ ಪಂಕಜಜ್ಜಿಯ ಹಾಲ್‌ನಲ್ಲಿ ಮೇಣದಬತ್ತಿ ಹಚ್ಚಿಕೊಂಡು ಕೂತೆವು. "ಒಂದು ದೆವ್ವದ ಕತೆ ಹೇಳಿ ಅಜ್ಜಿ" ಅಂತ ಯಲ್ಲಪ್ಪ ಕಿಸಕ್ಕನೆ ನಕ್ಕ.

"ನಗು, ನಗು... ಮಾರೇನಹಳ್ಳಿಲಿ ದರ್ಶಿನಿ ಇಟ್ಟಿದ್ನಲ್ಲ ಮುರಳೀಕೃಷ್ಣ, ನನ್ನ ತಮ್ಮನ ಮಗಳು ಶುಭಾನ ಗಂಡ, ಅವನನ್ನ ಅವನಪ್ಪ ಯಾರದೋ ಹೋಟ್ಲಲ್ಲಿ ತಟ್ಟೆ ತೊಳೆದು ಸಾಕಿದ್ದು. ಅಪ್ಪ ಸತ್ತ ಮೇಲೆ ಗಲ್ಲಾ ಹಿಂದೆ ಅವರ ಫೋಟೋ ಹಾಕಿದ್ದ. ವ್ಯಾಪಾರ ಜೋರಾಯ್ತು ನೋಡಿ, ತಟ್ಟೆ ತೊಳೆದ ಅಪ್ಪ ಅಂತ ನಾಚಿಕೆ ಶುರುವಾಯ್ತು! ಗುಜರಿಯಿಂದ ಬ್ರಿಟಿಷರ ಕಾಲದ ಜವಳಿ ವ್ಯಾಪಾರಿಗಳ ಗ್ರೂಪ್ ಫೋಟೋ ತಂದು, ಅಪ್ಪನ್ನ ಇಳಿಸಿ ಅದೇ ಮೊಳೆಗೆ ತಗಲಿಹಾಕಿ, 'ನಮ್ಮ ಮುತ್ತಾತಂದಿರು ಸಾರ್' ಅಂತ ಬಂದೋರಿಗೆಲ್ಲ ಹೇಳೋನು. ಥೂ!

ಆ ಕಾಲದ ಫೋಟೋದಲ್ಲಿ ಯಾರೂ ಸುಮ್ಮನೆ ಕೂರ್ತಿರ್ಲಿಲ್ಲ ಕಣ್ರೋ. ಬೆಳ್ಳಿ ಕೋಲು ಹಿಡಿದು ನಡುವೆ ಕೂತೋನು ಯಜಮಾನ. ಅವನು ಯಾರ ಹೆಗಲ ಮೇಲೆ ಕೈ ಇಟ್ನೋ ಅವನೇ ವಾರಸುದಾರ. ನೆಲದ ಮೇಲೆ ಕೂತೋರು ಆಳುಗಳು. ಇದರಲ್ಲಿ ಪಕ್ಕದ ಕುರ್ಚಿ ಖಾಲಿ... ಯಜಮಾನನ ಕೈ ಮಾತ್ರ ಅದರ ಮೇಲೆ ಚಾಚಿತ್ತು, ವಾರಸುದಾರ ಇನ್ನೂ ಬರಬೇಕು ಅಂತ. ಇವನು ಬಸುರಿ ಹೆಂಡ್ತಿ ಎದುರಿಗೇ ಹಲ್ಲು ಕಿರಿದು, 'ತಾತ, ಆ ಕುರ್ಚಿ ನನ್ನ ಮಗನಿಗೆ' ಅಂದ. ಮಗನ್ನೇ ಕೊಡ್ತೀನಿ ಅಂದ ಹಾಗಾಯ್ತಲ್ಲ, ಬಿಡ್ತಾರಾ ಆ ಫೋಟೋದೋರು?

ಗಂಡು ಮಗು ಹುಟ್ಟಿತು. ಶುಭಾ ಕೈತುತ್ತು ಕೊಟ್ಟು ಸಾಕಿದ್ಲು, ಪಾಪ. ಸ್ಕೂಲಿಗೆ ಹೋಗೋ ವಯಸ್ಸಲ್ಲಿ ಒಂದಿನ ಗಲ್ಲಾ ಮೇಲೆ ಕೂತು, ಅಮ್ಮಾ ಅನ್ಲಿಲ್ಲ, 'ಏ, ನೀರು ತಾ' ಅಂದ. ಅವಳು ತಲೆಯೆತ್ತಿ ಫೋಟೋ ನೋಡ್ತಾಳೆ... ಕುರ್ಚೀಲಿ ಮಗ, ಹೆಗಲ ಮೇಲೆ ಆ ಕೈ. ಕೆಳಗೆ ನೆಲದ ಮೇಲೆ ಗಂಡ, ಪಕ್ಕದಲ್ಲಿ ಅವಳೇ! ಒಡೆದುಹಾಕ್ತೀನಿ ಅಂತ ಮುರಳಿ ರುಬ್ಬುಗುಂಡು ಎತ್ತಿದ. 'ಕೆಳಗಿಡೋ' ಅಂದ ಮಗ. ಇಟ್ಟ. ಅವತ್ತಿಂದ ಹಿಂದುಗಡೆ ತಟ್ಟೆ ತೊಳೀತಿದಾನೆ.

ಮಗನಿಗೆ ಈಗ ಮೀಸೆ ಬಂದಿದೆ. ಮೊನ್ನೆ ಹೋಗಿದ್ದೆ. ಟೇಬಲ್ ಒರೆಸ್ತಿದ್ದೋಳನ್ನ 'ಶುಭಾ' ಅಂತ ಕರೆದೆ. ನನ್ನನ್ನ ನೋಡೋಕೂ ಮೊದಲು ಗಲ್ಲಾ ಕಡೆ ನೋಡಿದ್ಲು ಕಣ್ರೋ, ಅಪ್ಪಣೆಗೆ."

ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡು ನಮ್ಮ ಮೂವರ ಮುಖವನ್ನೂ ನೋಡಿದರು.

"ಹೊರಡೋವಾಗ ಆ ಮಗ ನಗ್ತಾ ಕೇಳ್ದ, 'ಇನ್ನೂ ಆಳು ಬೇಕಿತ್ತಲ್ಲ ಅಜ್ಜಿ, ನಿಮ್ಮನೆ ಬಾಡಿಗೆ ಹುಡುಗರ ಹೆಸರೇನು?' ಅಂತ. ಅವನು ಕೇಳಿದ್ರೆ ಬಾಯಿ ನಮ್ಮ ಮಾತು ಕೇಳಲ್ಲ... ಮೂರೂ ಹೇಳ್ಬಿಟ್ಟೆ ಕಣ್ರೋ ಮಕ್ಕಳಾ."