ನಾಯಿ ಅಡ್ಡ ಬಂದಿರಲಿಲ್ಲ

ಅಧ್ಯಕ್ಷರಾದ ಜಯಕುಮಾರ್ ಅವರೇ, ಇಂದು ನಾವು ಬೀಳ್ಕೊಡುತ್ತಿರುವ ಪಾಸ್ಟರ್ ಅಡವಯ್ಯನವರೇ, ಮಧುಗಿರಿ ಸಭೆಯ ಹಿರಿಯರೇ, ಸಭಿಕರೇ,

ನಾನು ಮಹಾಲಕ್ಷ್ಮಮ್ಮ, ಮಿಡಿಗೇಶಿಯ ಅಂಗನವಾಡಿ ಟೀಚರು. ನಿಮ್ಮ ಸಭೆಗೆ ಸೇರಿದವಳಲ್ಲ. ನಮ್ಮ ಮನೆಯಲ್ಲಿ ಇಂದಿಗೂ ನರಸಿಂಹಸ್ವಾಮಿಗೇ ದೀಪ. ಮೈಕಿನ ಮುಂದೆ ನಿಲ್ಲುತ್ತಿರುವುದು ಇದೇ ಮೊದಲು. ನೀವು ಯಾರೂ ಹಠ ಮಾಡುವುದಿಲ್ಲ, ಚಡ್ಡಿ ಒದ್ದೆ ಮಾಡಿಕೊಳ್ಳುವುದಿಲ್ಲ ಎಂಬುದೊಂದೇ ಧೈರ್ಯ.

ಪಾಸ್ಟರ ಬಗ್ಗೆ ಎರಡು ಒಳ್ಳೆಯ ಮಾತು ಆಡಿ ಎಂದರು. ಆಡಬೇಕಾದರೆ ನಮ್ಮ ಯಜಮಾನರು ಕದಿರಯ್ಯನವರ ವಿಷಯ ಹೇಳಲೇಬೇಕು. ಅವರು ಟೆಂಪೋ ಓಡಿಸುತ್ತಿದ್ದರು. ಕುಡಿಯುತ್ತಿದ್ದರು. ಕುಡಿದೇ ಓಡಿಸುತ್ತಿದ್ದರು. ಬಸ್ ಸ್ಟ್ಯಾಂಡಿನಲ್ಲಿ ಪಾಸ್ಟರು ಅಡ್ಡ ನಿಂತು, “ಕದಿರಯ್ಯ, ದೇವ್ರು ಒಂದಿನ ನಿನ್ನ ಕೇಳೇ ಕೇಳ್ತಾನೆ. ಈಗ್ಲೇ ಬುಟ್ಬುಡು,” ಎಂದರೆ, ಇವರು ನಗುತ್ತಿದ್ದರು. “ಕೇಳ್ಲಿ ಬುಡಿ ಸ್ವಾಮಿ, ಆವಾಗ ನೋಡ್ಕಂಡ್ರಾಯ್ತು.” ನಾನು ಹೇಳಿರಲಿಲ್ಲವೇ? ನಮ್ಮ ಮಗಳು ವೇದಾವತಿ ಹೇಳಿರಲಿಲ್ಲವೇ?

ಆ ವೇದಾವತಿಯನ್ನೇ ಕಾಲೇಜಿಗೆ ಕೂರಿಸಿಕೊಂಡು ಹೋಗುವಾಗ ಟೆಂಪೋ ಹುಣಸೆಮರಕ್ಕೆ ಗುದ್ದಿತು. ಇವರು ಉಳಿದರು. ಮಗಳು ಉಳಿಯಲಿಲ್ಲ.

ನಾಯಿ ಅಡ್ಡ ಬಂತು ಎಂದರು ಇವರು. ಊರು ನಂಬಿತು, ಪೊಲೀಸರು ನಂಬಿದರು, ನಾನೂ ನಂಬಿದೆ. ತಿಥಿ ಮುಗಿದ ಮಾರನೆಯ ದಿನ ಇವರು ಪಾಸ್ಟರ ಮನೆಗೆ ಹೋಗಿ, “ನೀವು ಹೇಳ್ದಂಗೇ ಆಯ್ತು. ನನ್ ತಪ್ಪಿಗೆ ದೇವ್ರು ಅವಳ್ನ ಯಾಕ್ ತಗಂಡ?” ಎಂದು ಕೂಗಾಡಿದರಂತೆ. ಪಾಸ್ಟರೂ ಅತ್ತರಂತೆ. “ಮಗಳ್ನ ದೇವ್ರು ಕೊಲ್ಲಲಿಲ್ಲ ಕದಿರಯ್ಯ. ಯೇಸು ನಿನ್ನ ಕ್ಷಮಿಸ್ತಾನೆ. ಆದ್ರೆ ನಿಜ ಮುಚ್ಚಿಟ್ಕಂಡು ಕ್ಷಮೆ ಕೇಳಕಾಗಲ್ಲ,” ಎಂದರಂತೆ.

ಅಂದು ಸಂಜೆ ಇವರು ನನ್ನೆದುರು ಕುಸಿದು ಕೂತರು. “ನಾಯಿ ಬರ್ಲಿಲ್ಲ ಕಣಮ್ಮಿ. ನಾನ್ ಕುಡ್ದಿದ್ದೆ.”

ಅದನ್ನೇ ಸ್ಟೇಷನ್ನಿನಲ್ಲಿ ಹೇಳಿದರು, ಕೋರ್ಟಿನಲ್ಲಿ ಹೇಳಿದರು. ಜೈಲಿಗೆ ಹೋಗಿ ಬಂದರು. ಬಂದ ಮೇಲೆ ದೀಕ್ಷಾಸ್ನಾನವಾಯಿತು. ನೀರಿನಿಂದ ಎದ್ದಾಗ ಆ ಮುಖದಲ್ಲಿದ್ದ ನೆಮ್ಮದಿ ಕಂಡು ನನ್ನ ಮೈಯೆಲ್ಲ ಉರಿಯಿತು. ದೇವರು ಕ್ಷಮಿಸಿಬಿಟ್ಟನೇ? ಹೆತ್ತವಳನ್ನು ಒಂದು ಮಾತೂ ಕೇಳದೆ ಕ್ಷಮಿಸಿಬಿಟ್ಟನೇ? ಪಾಸ್ಟರನ್ನೇ ನಿಲ್ಲಿಸಿ ಕೇಳಿದೆ. ಅವರು ಉಪದೇಶ ಮಾಡಲಿಲ್ಲ. “ನಿಮ್ಮನ್ನ ಅವಸರ ಮಾಡಕೆ ನಾನ್ಯಾರಮ್ಮ?” ಎಂದು ಕೈಮುಗಿದರು. ಇವತ್ತು ನಾನು ಇಲ್ಲಿಗೆ ಬಂದಿರುವುದು ಆ ಒಂದು ಮಾತಿಗಾಗಿ.

ಯಜಮಾನರು ಮತ್ತೆ ಕುಡಿಯಲಿಲ್ಲ. ಕ್ಷಮಿಸು ಎಂದು ನನ್ನನ್ನು ಒತ್ತಾಯಿಸಲೂ ಇಲ್ಲ. ಒಂದೇ ಮನೆಯಲ್ಲಿ ಅನ್ನ ಬಡಿಸಿಕೊಂಡು, ಮಾತು ಕಡಿಮೆ ಮಾಡಿಕೊಂಡು ಬದುಕಿದೆವು. ಹೋದ ವರ್ಷ ಲಿವರ್ ಕೆಟ್ಟು ಹಾಸಿಗೆ ಹಿಡಿದರು. ಒಂದು ಮಧ್ಯಾಹ್ನ ನೀರು ಕುಡಿಸುವಾಗ, “ವೇದಾ ನನ್ ಮುಖ ನೋಡ್ತಾಳಾ?” ಎಂದರು.

ಆ ದನಿ ಕೇಳಿ ನನ್ನಿಂದ ತಡೆಯಲಾಗಲಿಲ್ಲ. ಅವರ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡೆ. “ನೋಡ್ತಾಳೆ ಕಣಯ್ಯ. ನೋಡ್ದೆ ಇದ್ರೆ, ನಿಮ್ಮವ್ವನೇ ಕ್ಷಮಿಸಿ ಕಳ್ಸವ್ಳೆ ಅಂತ ಅವಳ್ಗೆ ಹೇಳು,” ಎಂದೆ.

ಕೇಳಿಸಿತೋ ಇಲ್ಲವೋ, ತಿಳಿಯದು. ಅಂದು ಸಂಜೆಯೇ ತೀರಿಕೊಂಡರು.

ಇಷ್ಟು ಹೊತ್ತು ಕೇಳಿಸಿಕೊಂಡಿರಿ, ನಿಮಗೆಲ್ಲ ಕೃತಜ್ಞಳು. ಪಾಸ್ಟರೇ, ಹೋಗಿ ಬನ್ನಿ. ನಮಸ್ಕಾರ.